ಅಮ್ಮನ ಪಾದ ‘ಹೈ ರಿಸ್ಕ್’ ಅಂತೆ, ಆದರೆ ನೋವೇ ಇಲ್ಲವಲ್ಲ?

ಮಗಳು, ತುಮಕೂರು:
ಅಮ್ಮನಿಗೆ 63 ವರ್ಷ, ಶುಗರ್ ಬಂದು ತುಂಬಾ ವರ್ಷವಾಯಿತು. ಈ ಸಲ ಕಾಲಿನ ಟೆಸ್ಟ್ ಮಾಡಿಸಿದೆವು. ಪಾದದ ಸ್ಪರ್ಶ ಅಳೆಯುವ ಬಯೋಥೀಸಿಯೋಮೀಟರ್ ಮಷಿನ್‌ನಲ್ಲಿ ಎರಡೂ ಪಾದ 30 ವೋಲ್ಟ್ ದಾಟಿದೆ, ಕಾಲಿನ ರಕ್ತದ ಓಟ ನೋಡುವ ಎಬಿಐ 1.42. ಡಾಕ್ಟರು ‘ಹೈ ರಿಸ್ಕ್ ಫೂಟ್’ ಅಂತ ಬರೆದು, ಮೂರು ತಿಂಗಳಿಗೆ ಬನ್ನಿ ಅಂದರು. ಅಮ್ಮನಿಗೆ ನೋವಿಲ್ಲ, ಗಾಯವಿಲ್ಲ. ಸುಮ್ನೆ ಹೆದರಿಸುತ್ತಿದ್ದಾರಾ? ಗೊತ್ತಿದ್ದವರು ಹೇಳಿ.

ಕಾಲಿನ ಕ್ಲಿನಿಕ್ ನರ್ಸ್, ಹುಬ್ಬಳ್ಳಿ:
ಹೆದರಿಸುತ್ತಿಲ್ಲ ಮೇಡಂ. ನೋವಿಲ್ಲ ಅನ್ನೋದೇ ಇಲ್ಲಿ ತೊಂದರೆ, ಪಾದದ ಸ್ಪರ್ಶ ಹೋಗಿದ್ದರೆ ಗಾಯವಾದರೂ ಗೊತ್ತಾಗುವುದಿಲ್ಲ. ಆ ಮಷಿನ್ನಿನ ಕಡ್ಡಿಯನ್ನು ಪಾದಕ್ಕೆ ಮುಟ್ಟಿಸಿ ನಡುಕ ಏರಿಸುತ್ತಾ ಹೋಗುತ್ತೇವೆ. 25 ವೋಲ್ಟ್ ದಾಟಿದರೂ ಗೊತ್ತಾಗದಿದ್ದರೆ ಹುಣ್ಣಾಗುವ ಸಾಧ್ಯತೆ ಜಾಸ್ತಿ. 10 ಗ್ರಾಂ ಮೊನೊಫಿಲಮೆಂಟ್ ಅಂತ ಒಂದು ನೈಲಾನ್ ಎಳೆಯೂ ಇದೆ. ಅದು ಬಾಗುವಷ್ಟು ಒತ್ತಿದಾಗ ಗೊತ್ತಾಗಬೇಕು. ‘ಗೊತ್ತಾಯ್ತಾ?’ ಅಂತ ಕೇಳಿದರೆ ನಮ್ಮ ಹಿರಿಯರು ಮರ್ಯಾದೆಗೆ ‘ಹೂಂ’ ಅಂದುಬಿಡುತ್ತಾರೆ! ಕಣ್ಣು ಮುಚ್ಚಿಸಿ, ಎಲ್ಲಿ ಮುಟ್ಟಿದೆ ಅಂತ ಕೇಳಬೇಕು.

ಎಬಿಐ 1.42 ನೋಡಿ ರಕ್ತ ಚೆನ್ನಾಗಿ ಓಡುತ್ತಿದೆ ಅಂದುಕೊಳ್ಳಬೇಡಿ. ಪಾದದ ಗಂಟಿನ ಹತ್ತಿರದ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದರೆ ಬರುವ ಅಂಕಿ ಅದು. 0.9ಕ್ಕಿಂತ ಕಡಿಮೆಯಾದರೆ ರಕ್ತನಾಳ ಕಟ್ಟಿದೆ ಅಂತ ಅನುಮಾನ. ಆದರೆ ಶುಗರ್ ಹಳೆಯದಾದವರಲ್ಲಿ ರಕ್ತನಾಳದ ಗೋಡೆಗೆ ಕ್ಯಾಲ್ಸಿಯಂ ಕೂತು ಗಟ್ಟಿಯಾಗಿರುತ್ತದೆ. ಬಿಪಿ ಪಟ್ಟಿಗೆ ಎಷ್ಟು ಗಾಳಿ ತುಂಬಿದರೂ ಅಮುಕುವುದಿಲ್ಲ, ಅಂಕಿ ಸುಳ್ಳೇ ಮೇಲೇರುತ್ತದೆ. ಹೆಬ್ಬೆರಳಿನ ಬಿಪಿ ನೋಡಬೇಕಾ, ರಕ್ತದ ಓಟ ನೋಡುವ ಡಾಪ್ಲರ್ ಸ್ಕ್ಯಾನ್ ಬೇಕಾ ಅಂತ ಡಾಕ್ಟರನ್ನು ಕೇಳಿ.

ಮೂರು ತಿಂಗಳು ಅಂದಿದ್ದಕ್ಕೂ ಲೆಕ್ಕವಿದೆ. ಸ್ಪರ್ಶ, ರಕ್ತದ ಓಟ ಎರಡೂ ಸರಿಯಿದ್ದರೆ ವರ್ಷಕ್ಕೊಮ್ಮೆ ತೋರಿಸಿದರೆ ಸಾಕು. ಒಂದು ಕೆಟ್ಟಿದ್ದರೆ 6ರಿಂದ 12 ತಿಂಗಳು. ಎರಡೂ ಕೆಟ್ಟಿದ್ದರೆ, ಅಥವಾ ಒಂದರ ಜೊತೆ ಬೆರಳು ಸೊಟ್ಟಗಾಗಿದ್ದರೆ 3ರಿಂದ 6. ಒಂದಾದರೂ ಕೆಟ್ಟಿದ್ದು, ಹಿಂದೆ ಹುಣ್ಣಾಗಿದ್ದರೆ, ಬೆರಳು ತೆಗೆಸಿದ್ದರೆ ಅಥವಾ ಕಿಡ್ನಿ ಪೂರ್ತಿ ಸೋತಿದ್ದರೆ 1ರಿಂದ 3 ತಿಂಗಳು. ಅಮ್ಮನಿಗೆ ಹಿಂದೆ ಹುಣ್ಣಾಗಿತ್ತಾ? ಪಾದದಲ್ಲಿ ಆಣಿ, ಜಡ್ಡು ಇದೆಯಾ?

ಮಗ, ಹಾಸನ:
ಅಕ್ಕಾ, ನಮ್ಮಪ್ಪನಿಗೂ ಹೀಗೇ. ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಹೇಳಿಕೊಟ್ಟಿದ್ದಾರೆ, ಇಂಗ್ಲೆಂಡಿನ ಇಪ್ಸ್‌ವಿಚ್‌ನದಂತೆ. ಕಣ್ಣು ಮುಚ್ಚಿಸಿ ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಹಗುರವಾಗಿ ಒಂದೆರಡು ಸೆಕೆಂಡ್ ಮುಟ್ಟಬೇಕು. ತಟ್ಟಬಾರದು, ಸವರಬಾರದು. ಆರರಲ್ಲಿ ಎರಡು ಗೊತ್ತಾಗದಿದ್ದರೂ ಸ್ಪರ್ಶ ಹೋಗಿದೆ ಅಂತಲೇ. ಬೇಸಿಗೆಯಲ್ಲಿ ದೇವಸ್ಥಾನದ ಕಲ್ಲುಹಾಸು ನಮ್ಮ ದೊಡ್ಡ ತಲೆನೋವು. ಅಪ್ಪನಿಗೆ ದಪ್ಪ ಸಾಕ್ಸ್ ಹಾಕಿಸಿ, ಬೆಳಗ್ಗೆ ಬೇಗ ಕರೆದುಕೊಂಡು ಹೋಗುತ್ತೇವೆ. ಪ್ರದಕ್ಷಿಣೆಗೆ ಇನ್ನೂ ಜಗಳ ನಡೆದೇ ಇದೆ, ಬಿಡಿ. ಅಮ್ಮನ ಕಾಲುಂಗುರ ಬಿಗಿಯಾಗಿದೆಯಾ ನೋಡಿ. ಪಾದ ಊದಿದಾಗ ಅದು ಕೊರೆದರೂ ಅವರಿಗೆ ಗೊತ್ತಾಗುವುದಿಲ್ಲ.

ಸೊಸೆ, ಮೈಸೂರು:
ಹವಾಯಿ ಚಪ್ಪಲಿ ಬಿಡಿಸಿ. ಬೆರಳ ಸಂದಿನಲ್ಲಿ ಉಜ್ಜುತ್ತದೆ, ಜಾರಿ ಹೋದರೂ ತಿಳಿಯುವುದಿಲ್ಲ. ನಮ್ಮತ್ತೆಗೆ ಹಿಮ್ಮಡಿ ಹತ್ತಿರ ಪಟ್ಟಿ ಇರುವ ಎಂಸಿಆರ್ ಚಪ್ಪಲಿ, ಅಂದರೆ ಮೆತ್ತನೆಯ ರಬ್ಬರಿನದು, ತಂದೆವು. ಕುಷ್ಠರೋಗದಿಂದ ಪಾದದ ಸ್ಪರ್ಶ ಹೋದವರಿಗೂ ಇದನ್ನೇ ಕೊಡುತ್ತಾರೆ. ನೋಡೋಕೆ ಅಷ್ಟಕ್ಕಷ್ಟೇ. ಸಂಜೆ ಹೊತ್ತು ಅಳತೆ ನೋಡಿ ತನ್ನಿ, ಆಗ ಪಾದ ಸ್ವಲ್ಪ ಊದಿರುತ್ತದೆ.

ಮಗಳು, ತುಮಕೂರು:
ಹುಣ್ಣಾಗಿಲ್ಲ. ಆದರೆ ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಜಡ್ಡು ಇದೆ. ಅಮ್ಮ ಬಿಸಿನೀರಲ್ಲಿ ನೆನೆಸಿ ಬ್ಲೇಡಿನಲ್ಲಿ ಕೆರೆಯುತ್ತಾರೆ. ಈಗ ನೋಡಿದರೆ ಒಳಗೆ ಕಪ್ಪಗೆ ಕಾಣುತ್ತಿದೆ.

ಕಾಲಿನ ಕ್ಲಿನಿಕ್ ನರ್ಸ್, ಹುಬ್ಬಳ್ಳಿ:
ಬ್ಲೇಡ್ ಕಿತ್ತಿಟ್ಟುಕೊಳ್ಳಿ. ಮೆಡಿಕಲ್ ಶಾಪಿನ ಕಾರ್ನ್ ಕ್ಯಾಪ್ ಕೂಡ ಬೇಡ, ಅದರಲ್ಲಿರುವ ಆಸಿಡ್ ಒಳ್ಳೆ ಚರ್ಮವನ್ನೂ ಸುಡುತ್ತದೆ. ಬಿಸಿನೀರಿನಲ್ಲಿ ನೆನೆಸುವುದೂ ನಿಲ್ಲಲಿ. ಜಡ್ಡಿನ ಒಳಗೆ ಕಪ್ಪಾಗಿದೆ ಅಂದರೆ ಅಡಿಯಲ್ಲಿ ರಕ್ತ ಕಟ್ಟಿರಬಹುದು, ಹುಣ್ಣು ಶುರುವಾಗಿರಲೂಬಹುದು. ಮೂರು ತಿಂಗಳ ಲೆಕ್ಕ ಇದಕ್ಕಲ್ಲ. ನಾಳೆಯೇ ತೋರಿಸಿ, ಅಲ್ಲಿಯವರೆಗೆ ಅಮ್ಮನನ್ನು ಜಾಸ್ತಿ ನಡೆಸಬೇಡಿ. ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ ಅಥವಾ ಜ್ವರ ಕಾಣಿಸಿದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.