ಜೇವರ್ಗಿ ಗಾಳಿ, ಮೇ ತಿಂಗಳ ಬಿಸಿಲು: ಪವರ್ ಮೀಟರ್ ಯಾವುದು ತಗೋಬೇಕು?

ಕೇಳಿದವರು, ಕಲಬುರಗಿ

ಎಲ್ಲರಿಗೂ ಶರಣು. ನನ್ನ ಹತ್ರ ಶಿಮಾನೋ 105 ಗೇರ್ ಸೆಟ್ ಇರೋ ರೋಡ್ ಬೈಕ್ ಸೈಕಲ್ ಅದ, ಕ್ರ್ಯಾಂಕ್ ಅಂದ್ರ ಪೆಡಲ್ ಕೂಡೋ ತೋಳು 170 ಮಿಲಿಮೀಟರ್. ಬೆಳಿಗ್ಗೆ ಜೇವರ್ಗಿ ರೋಡ್, ಭಾನುವಾರ ಹುಮನಾಬಾದ್ ಕಡೆ ಹೋಗ್ತೀನಿ. ಹಾರ್ಟ್ ರೇಟ್ ಪಟ್ಟಿ ಅದ. ಬರೋ ಚಳಿಗಾಲಕ್ಕ 200 ಕಿಲೋಮೀಟರಿನ ಬ್ರೆವೆ, ಅಂದ್ರ ಗೊತ್ತುಮಾಡಿದ ಹೊತ್ತಿನೊಳಗ ಮುಗಿಸೋ ದೂರದ ಸವಾರಿ, ಮುಗಿಸಬೇಕಂತ ಆಸೆ. ಅದಕ್ಕ ತುಳಿಯೋ ಕಸುವನ್ನ ವ್ಯಾಟಿನಾಗ ಅಳೆಯೋ ಪವರ್ ಮೀಟರ್ ಹಾಕಿಸಬೇಕಂತ ಮಾಡೀನಿ. ಪೆಡಲಿಂದೋ ಕ್ರ್ಯಾಂಕಿಂದೋ? ಒಂದು ಕಡೆದು ಸಾಕೋ, ಎರಡೂ ಕಡೆ ಬೇಕೋ? ಉಪಯೋಗಿಸಿದವರು ಹೇಳ್ರಿ.

ಕಲಬುರಗಿಯಿಂದಲೇ ಇನ್ನೊಬ್ಬರು

ತಮ್ಮಾ, ಕಂಪನಿ ಹೆಸರು ಆಮ್ಯಾಲೆ ನೋಡೋಣ. ನಮ್ಮ ರಸ್ತೆಗೆ ಇದು ಯಾಕ ಬೇಕು ಅನ್ನೋದು ತಿಳಿದ್ರ ಯಾವುದು ತಗೋಬೇಕು ಅನ್ನೋದೂ ತಾನಾಗೇ ತಿಳೀತದ.

ಜೇವರ್ಗಿ ರೋಡಿನಾಗ ಗುಡ್ಡ ಇಲ್ಲ, ಗಾಳಿ ಅದ. ಜೂನ್‌ನಿಂದ ಆಗಸ್ಟ್ ತನಕ ನೈರುತ್ಯದ ಗಾಳಿ ಎದಿಗೇ ಬಡೀತದ, ಕಟ್ಟಿ ಸಂಗಾವಿ ಸೇತುವೆ ಮುಟ್ಟೋತನಕ ಬಿಡೂದಿಲ್ಲ. ಸವಾರ, ಸೈಕಲ್ ಕೂಡಿ 80 ಕಿಲೋ ಅಂತ ಹಿಡಿದು ಲೆಕ್ಕ ಹಾಕ್ರಿ. ಗಾಳಿ ಇಲ್ಲದ ಸಪಾಟ ರಸ್ತೆಯಾಗ ಗಂಟೆಗೆ 30 ಕಿಲೋಮೀಟರ್ ಹೋಗಲಿಕ್ಕ ಸುಮಾರು 135–140 ವ್ಯಾಟ್ ಸಾಕು. ಗಂಟೆಗೆ 15 ಕಿಲೋಮೀಟರಿನ ಎದುರುಗಾಳಿ ಬಂತಂದ್ರ ಅದೇ ವ್ಯಾಟಿಗೆ ವೇಗ 22ರ ಆಸುಪಾಸು ಇಳೀತದ. ಇಲ್ಲ, ನಾ 30ರಾಗೇ ಹೋಗ್ತೀನಿ ಅಂತ ಹಟ ಹಿಡಿದ್ರ 250 ವ್ಯಾಟ್ ದಾಟ್ತದ. ಸೇತುವೆ ಬರೋದ್ರೊಳಗ ಕಾಲಾಗಿನ ಕಸುವು ಮುಗೀತದ, ವಾಪಸ್ ಬರುವಾಗ ಬೆನ್ನಿಗೆ ಗಾಳಿ ಇದ್ರೂ ತುಳೀಲಿಕ್ಕ ಆಗೂದಿಲ್ಲ. ಸ್ಪೀಡೋಮೀಟರ್ ನೋಡಿ ಸೈಕಲ್ ಹೊಡೆಯೋರು ನಮ್ಮ ಕಡೆ ಸೋಲೂದು ಇಲ್ಲೇ. ಬ್ರೆವೆಗೆ 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ ಕೊಡ್ತಾರ, ಅವಸರ ಏನೂ ಇಲ್ಲ. ಮೊದಲ 60 ಕಿಲೋಮೀಟರಿನಾಗ ಎಷ್ಟು ತುಳಿದಿ ಅನ್ನೋದರ ಮ್ಯಾಲೆ ಕೊನೆಯ 60 ನಿಂತಿರ್ತದ, ಆ ‘ಎಷ್ಟು’ ಅನ್ನೋದನ್ನ ವ್ಯಾಟ್ ಬಿಟ್ಟು ಬ್ಯಾರೆ ಯಾವುದೂ ನೇರ ಹೇಳೂದಿಲ್ಲ.

ಹಾರ್ಟ್ ರೇಟ್ ಪಟ್ಟಿ ಅದ ಅಂದಿ. ಅದನ್ನ ಬಿಡಬ್ಯಾಡ, ಆದ್ರ ಬ್ಯಾಸಿಗಿಯಾಗ ಅದೊಂದನ್ನೇ ನಂಬಬ್ಯಾಡ. ಏಪ್ರಿಲ್, ಮೇನಾಗ ಬಿಸಿಲು 40 ದಾಟ್ತದ. ಮೈ ತಂಪು ಮಾಡಲಿಕ್ಕ ರಕ್ತ ಚರ್ಮದ ಕಡೆ ಹೋಗ್ತದ, ಬೆವರಿನಾಗ ನೀರೂ ಹೋಗ್ತದ, ಹೃದಯ ಅಷ್ಟೇ ಕೆಲಸಕ್ಕ ಹೆಚ್ಚು ಬಡೀತದ. ಹೊತ್ತು ಏರಿದಂಗ ವ್ಯಾಟ್ ಒಂದೇ ಇದ್ರೂ ಬಡಿತ 10–15 ಮ್ಯಾಲೆ ಹೋಗೂದು ನಮ್ಮ ಕಡೆ ದಿನಾ ಕಾಣೋ ಸಂಗತಿ. ಪಟ್ಟಿ ಒಂದೇ ಇದ್ದಾವ ‘ಇವತ್ತು ಭಾಳ ತುಳಿದೆ’ ಅಂತ ತಿಳ್ಕೋತಾನ. ಮೀಟರ್ ಒಂದೇ ಇದ್ದಾವ ಡಿಸೆಂಬರ್ ತಿಂಗಳ ವ್ಯಾಟ್ ಮೇನಾಗೂ ತುಳೀಲಿಕ್ಕ ಹೋಗಿ ತಲಿ ತಿರುಗಿ ಕೂಡ್ತಾನ. ಎರಡೂ ಕೂಡಿದ್ರ ಮಾತ್ರ ಖರೆ ಚಿತ್ರ ಬರ್ತದ.

ಈಗ ಯಾವುದು ಅನ್ನೋದು. ನನ್ನ ಓಟು ಪೆಡಲಿಗೆ. ಕಾರಣ, ಇಲ್ಲಿ ಇದು ಕೆಟ್ರ ಹೈದರಾಬಾದ್ ಇಲ್ಲಾ ಬೆಂಗಳೂರಿಗೆ ಕೊರಿಯರ್ ಮಾಡಬೇಕು. ಪೆಡಲ್ ಆದ್ರ ನೀನೇ ಬಿಚ್ಚಿ ಡಬ್ಬಿಯಾಗ ಹಾಕಿ ಕಳಿಸಬಹುದು, ಹಳೆ ಪೆಡಲ್ ಹಾಕ್ಕೊಂಡು ಮರುದಿನ ಸೈಕಲ್ ಹೊಡೀಬಹುದು. ನಾಳೆ ಬ್ಯಾರೆ ಸೈಕಲ್ ತಗೊಂಡ್ರ ಬಾಟಮ್ ಬ್ರ್ಯಾಕೆಟ್ (ಕ್ರ್ಯಾಂಕ್ ತಿರುಗೋ ಬೇರಿಂಗ್) ಯಾವುದು, ಕ್ರ್ಯಾಂಕ್ ಯಾವುದು ಅನ್ನೋ ತಾಪತ್ರಯ ಇಲ್ಲ. ಎಡಗಡೆ ಪೆಡಲಿನ ಆಟಿ ಉಲ್ಟಾ ಇರ್ತದ, ಅದೊಂದು ನೆನಪಿದ್ರ ಸಾಕು. ಆಟಿಗೆ ಗ್ರೀಸ್ ಹಚ್ಚಿ ಹಾಕು.

ನಾನು ಹಾಕಿದ್ದು ಫಾವೆರೋ ಅಸಿಯೋಮಾ, ಎರಡೂ ಕಡೆದು. ಚಾರ್ಜ್ ಮಾಡೋದು, ಒಮ್ಮೆ ಮಾಡಿದ್ರ 50 ಗಂಟೆ ಬರ್ತದ. ಗಾರ್ಮಿನ್ ರ್‍ಯಾಲಿಯೂ ಛಲೋ ಅದ, ಅದರ ಬಟನ್ ಸೆಲ್ಲಿನ ಮಾಡೆಲ್ ಸುಮಾರು 120 ಗಂಟೆ ನಡೀತದ. ಎರಡೂ ಕಂಪನಿಯವರು ಹೇಳೋ ನಿಖರತೆ ±1 ಪ್ರತಿಶತ. ನನ್ನ ಅಸಿಯೋಮಾಕ್ಕ ಲುಕ್ ಕಿಯೋ ಥರದ ಕ್ಲೀಟ್ (ಬೂಟನ್ನ ಪೆಡಲಿಗೆ ಸಿಗಿಸೋ ತುಂಡು) ಬೇಕು. ನಿನ್ನ ಬೂಟಿನಾಗ ಶಿಮಾನೋ ಕ್ಲೀಟ್ ಇದ್ರ ಅದನ್ನ ಬದಲಿಸಬೇಕಾಗ್ತದ, ಮೊದಲೇ ನೋಡ್ಕೋ. ಆ್ಯಪ್‌ನಾಗ ಕ್ರ್ಯಾಂಕ್ ಉದ್ದ 170 ಅಂತ ತಪ್ಪದೇ ಹಾಕು. 172.5 ಅಂತ ಉಳಿದಿದ್ರ ಎಲ್ಲಾ ಅಂಕಿ ಒಂದೂವರೆ ಪ್ರತಿಶತ ಜಾಸ್ತಿ ತೋರಸ್ತದ.

ಬೀದರಿನಿಂದ

ಅಣ್ಣಾವ್ರು ಹೇಳಿದ್ದು ಸರಿ ಅದ, ಆದ್ರ ಹೊಸದಾಗಿ ಶುರು ಮಾಡೋರಿಗೆ ಅಷ್ಟು ರೊಕ್ಕ ಹಾಕ್ಬೇಕಂತ ನನಗ ಅನಿಸೂದಿಲ್ಲ. ನಾನು ಎಡಗಡೆ ಕ್ರ್ಯಾಂಕ್ ತೋಳಿನ ಮೀಟರ್ ಹಾಕೀನಿ, ಫೋರ್‌ಐಸ್ ಕಂಪನಿದು. ತೋಳಿನ ಒಳಮಗ್ಗಲಿಗೆ ಸಣ್ಣ ಗುಂಡಿಯಂಗ ಅಂಟಿರ್ತದ. ನೀವು ಪೆಡಲ್ ತುಳಿದಾಗ ಲೋಹ ಕೂದಲೆಳಿಗಿಂತ ಕಡಿಮಿ ಬಾಗ್ತದಲ್ಲ, ಅದನ್ನ ಅಳೆದು, ಪೆಡಲ್ ತಿರುಗೋ ವೇಗದ ಜೋಡಿ ಗುಣಿಸಿ ವ್ಯಾಟ್ ತೋರಸ್ತದ. ಕ್ಲೀಟ್ ಬದಲಿಸೂದಿಲ್ಲ, ಪೆಡಲ್ ಬದಲಿಸೂದಿಲ್ಲ. ಸೆಲ್ 2032, ಬೀದರಿನಾಗ ಯಾವ ಗಡಿಯಾರದ ಅಂಗಡಿಗೆ ಹೋದ್ರೂ ಸಿಗ್ತದ. ಸೈಕಲ್ ಬಿದ್ರ ಮೊದಲು ನೆಲಕ್ಕ ಬಡಿಯೋದು ಪೆಡಲ್, ತೋಳಿನ ಒಳಗಿನ ಮೀಟರಿಗೆ ಆ ಹೆದರಿಕಿ ಕಡಿಮಿ.

ಒಂದೇ ಕಡೆ ಅಳೆಯೋ ಮೀಟರ್ ಎಡಗಾಲಿನ ವ್ಯಾಟನ್ನ ಎರಡರಿಂದ ಗುಣಿಸಿ ತೋರಸ್ತದ. ನಿಮ್ಮದು ಎಡ 48, ಬಲ 52 ಪ್ರತಿಶತ ಅಂತ ಇದ್ರ, ಖರೆ 200 ವ್ಯಾಟ್ ಇದ್ದಾಗ ಅದು 192 ಅಂತದ. ಯಾವಾಗಲೂ 48 ಇದ್ರ ಚಿಂತಿ ಇಲ್ಲ, ಹೋದ ತಿಂಗಳಿಗೂ ಈ ತಿಂಗಳಿಗೂ ಹೋಲಿಸ್ಬಹುದು, ಸುಸ್ತಾದಂಗ ಆ ಪಾಲು ಬದಲಾಗೋರಿಗೆ ಮಾತ್ರ ತೊಂದರಿ. ಜನವಾಡದ ಕಡೆ ಮಾಂಜ್ರಾ ನದಿ ತನಕ ಇಳಿದು ಮತ್ತ ಬೀದರಿಗೆ ಏರೋ ರಸ್ತೆಯಾಗ ಗೆಳೆಯರ ಎರಡು ಕಡೆ ಮೀಟರಿನ ಜೋಡಿ ನನ್ನದು ಹಾಕಿ ನೋಡೀನಿ. ನನಗ ದೊಡ್ಡ ಫರಕ್ ಕಾಣ್ಲಿಲ್ಲ. ಮೊಣಕಾಲಿನ ಪೆಟ್ಟು, ಆಪರೇಷನ್ ಆದೋರು ಇದ್ರ ಎರಡು ಕಡೆದೇ ತಗೋರಿ, ಅವರಿಗೆ ಎಡ ಬಲದ ಲೆಕ್ಕ ನಿಜವಾಗಿ ಬೇಕಾಗ್ತದ.

ತಗೊಳ್ಳೋ ಮುಂಚೆ ಕ್ರ್ಯಾಂಕ್ ತೋಳಿಗೂ ಫ್ರೇಮಿನ ಹಿಂದಿನ ಕೊಳವಿಗೂ ನಡುವ ಎಷ್ಟು ಜಾಗ ಅದ ಅಂತ ಅಳೀರಿ. ಕಂಪನಿಯವರು ಇಂತಿಷ್ಟು ಮಿಲಿಮೀಟರ್ ಬೇಕಂತ ಬರೆದಿರ್ತಾರ. ನಿಮ್ಮ 105ರ ಎಡತೋಳು ಬಿಚ್ಚಲಿಕ್ಕ 5 ಮಿಲಿಮೀಟರಿನ ಅಲೆನ್ ಕೀ, ಮುಚ್ಚಳ ತಿರುಗಿಸೋ ಸಣ್ಣ ಪ್ಲಾಸ್ಟಿಕ್ ಟೂಲ್ ಸಾಕು. ವಾಪಸ್ ಹಾಕುವಾಗ ಎರಡೂ ಬೋಲ್ಟನ್ನ ಒಂದಾದ ಮ್ಯಾಲೊಂದು ಸ್ವಲ್ಪ ಸ್ವಲ್ಪ ಬಿಗಿ ಮಾಡಿ 12–14 ನ್ಯೂಟನ್ ಮೀಟರಿಗೆ ತರ್ರಿ. ಟಾರ್ಕ್ ವ್ರೆಂಚ್ ಇಲ್ಲಂದ್ರ ಯಾರ ಹತ್ರಾದ್ರೂ ಇಸ್ಕೊಂಡು ಬರ್ರಿ, ಕೈ ಅಂದಾಜು ಬ್ಯಾಡ್ರಿ.

ಯಾದಗಿರಿಯಿಂದ

ಇಬ್ಬರೂ ಬಿಸಿಲಿನ ಒಂದು ಮುಖ್ಯ ವಿಷಯ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮೀಟರ್ ಒಳಗೆ ಲೋಹದ ಬಾಗುವಿಕೆಯನ್ನು ಅಳೆಯುವ ಸಣ್ಣ ಪಟ್ಟಿಗಳು ಬಿಸಿಗೂ ಸ್ಪಂದಿಸುತ್ತವೆ. ಒಳ್ಳೆಯ ಮೀಟರ್‌ಗಳಲ್ಲಿ ತಾಪಮಾನದ ವ್ಯತ್ಯಾಸ ಸರಿದೂಗಿಸುವ ವ್ಯವಸ್ಥೆ ಇರುತ್ತದೆ. ಆದರೂ ಸವಾರಿಗೆ ಮೊದಲು ಸೊನ್ನೆ ಹೊಂದಿಸುವುದನ್ನು, ಅಂದರೆ ಝೀರೋ ಆಫ್‌ಸೆಟ್ಟನ್ನು, ಬಿಡಬಾರದು. ಕೂಲರ್ ಅಥವಾ ಎಸಿ ಹಾಕಿದ ಕೋಣೆಯಿಂದ ಸೈಕಲ್ ತಂದ ಕೂಡಲೇ ಮಾಡಬೇಡಿ. ಅಂಗಳದಲ್ಲಿ ಹದಿನೈದು ಇಪ್ಪತ್ತು ನಿಮಿಷ ನಿಲ್ಲಿಸಿ, ಲೋಹ ಹೊರಗಿನ ಬಿಸಿಗೆ ಬರಲಿ. ಆಮೇಲೆ ಪೆಡಲ್ ಮೇಲೆ ಕಾಲಿಡದೆ, ಕ್ರ್ಯಾಂಕನ್ನು ಕಂಪನಿ ಹೇಳಿದ ಸ್ಥಾನದಲ್ಲಿ ನಿಲ್ಲಿಸಿ ಸೊನ್ನೆ ಮಾಡಿ. ನಾನು ಶಹಾಪುರದ ಕಡೆ ಹೋಗುವಾಗ ಹೊರಡುವುದು ತಂಪಿನಲ್ಲಿ. ಮಲಗಿದ ಬುದ್ಧನ ಗುಡ್ಡ ಕಾಣುವ ಹೊತ್ತಿಗೆ ಡಾಂಬರು ಕಾದಿರುತ್ತದೆ. ಅಲ್ಲಿ ನೀರು ಕುಡಿಯಲು ನಿಂತಾಗ ಇನ್ನೊಮ್ಮೆ ಸೊನ್ನೆ ಮಾಡುತ್ತೇನೆ. ಅರ್ಧ ನಿಮಿಷದ ಕೆಲಸ. ಪ್ರತಿ ಸಲ ಬರುವ ಅಂಕಿ ಹತ್ತಿರಹತ್ತಿರ ಇರಬೇಕು, ದಿಢೀರನೆ ದೂರ ಹಾರಿದರೆ ಬೋಲ್ಟ್ ಸಡಿಲಾಗಿದೆಯೇ, ಸೆಲ್ ಮುಗಿದಿದೆಯೇ ನೋಡಿ.

ನಿಮ್ಮ ಸೈಕಲ್ ಕಂಪ್ಯೂಟರ್ ಪವರ್ ಓದುತ್ತದೆಯೇ ಎಂದೂ ಮೊದಲು ಖಚಿತ ಮಾಡಿಕೊಳ್ಳಿ. ಮೀಟರ್‌ಗಳು ಆಂಟ್ ಪ್ಲಸ್ ಅಥವಾ ಬ್ಲೂಟೂತ್ ಎಂಬ ನಿಸ್ತಂತು ಸಂಪರ್ಕದ ಮೂಲಕ ಮಾತಾಡುತ್ತವೆ. ಕಡಿಮೆ ಬೆಲೆಯ ಕೆಲವು ಕಂಪ್ಯೂಟರ್‌ಗಳು ಹೃದಯದ ಬಡಿತ ತೋರಿಸುತ್ತವೆ, ವ್ಯಾಟ್ ತೋರಿಸುವುದಿಲ್ಲ.

ಮೀಟರ್ ಬಂದ ಮೇಲೆ ಇಪ್ಪತ್ತು ನಿಮಿಷದ ಪರೀಕ್ಷೆ ಮಾಡಿ. ಚೆನ್ನಾಗಿ ಮೈ ಬಿಸಿ ಮಾಡಿಕೊಂಡು, ಇಪ್ಪತ್ತು ನಿಮಿಷ ಒಂದೇ ಸಮನೆ ಗಟ್ಟಿಯಾಗಿ ತುಳಿದು, ಅದರ ಸರಾಸರಿಯ 95 ಪ್ರತಿಶತ ಲೆಕ್ಕ ಹಾಕಿದರೆ ಎಫ್‌ಟಿಪಿ, ಅಂದರೆ ಸುಮಾರು ಒಂದು ಗಂಟೆ ತುಳಿಯಬಲ್ಲ ಗರಿಷ್ಠ ವ್ಯಾಟ್. 200 ಬಂದರೆ ನಿಮ್ಮ ಎಫ್‌ಟಿಪಿ 190. ಬ್ರೆವೆಗೆ ಅದರ 60–65 ಪ್ರತಿಶತದಲ್ಲಿ ಕೂತರೆ ದಿನವಿಡೀ ಹೋಗಬಹುದು, ಅಂದರೆ 115–125 ವ್ಯಾಟ್. ಪರೀಕ್ಷೆಯನ್ನು ಊರೊಳಗೆ ಮಾಡಬೇಡಿ ತಮ್ಮಾ. ಸುಗ್ಗಿಯಲ್ಲಿ ತೊಗರಿ ಹೇರಿದ ಟ್ರ್ಯಾಕ್ಟರ್ ಯಾವ ಕಡೆಯಿಂದ ತಿರುಗುತ್ತದೋ ಹೇಳಲಾಗದು. ತಲೆ ತಗ್ಗಿಸಿ ವ್ಯಾಟ್ ನೋಡುತ್ತಾ ತುಳಿಯುವ ಜಾಗ ಅದಲ್ಲ.

ಕೇಳಿದವರು

ಎಲ್ಲರಿಗೂ ಭಾಳ ಉಪಕಾರ ಆಯ್ತು. ಅಕ್ಕಾರೆ, ಝೀರೋ ಮಾಡೋದು ನನಗ ಗೊತ್ತೇ ಇರಲಿಲ್ಲ. ಹೈದರಾಬಾದಿನಾಗ ಒಬ್ಬರು ಹಳೆ ಶಿಮಾನೋ ಅಲ್ಟೆಗ್ರಾ ಎಡತೋಳಿನ ಮೀಟರ್ ಅರ್ಧ ರೇಟಿಗೆ ಕೊಡ್ತೀನಿ ಅಂತಾರ. ತಗೋಬಹುದಾ?

ಕಲಬುರಗಿಯಿಂದಲೇ ಇನ್ನೊಬ್ಬರು

ಹಳೇದು ತಗೋಬಾರದಂತ ಏನಿಲ್ಲ, ಆದ್ರ ಈ ಮಾಲಿನಾಗ ಒಂದು ವಿಷಯ ಅದ. 2023ರಾಗ ಶಿಮಾನೋದವರು 2019ರ ಜುಲೈಕ್ಕಿಂತ ಮೊದಲು ತಯಾರಾದ 11 ಸ್ಪೀಡಿನ ಅಲ್ಟೆಗ್ರಾ, ಡ್ಯುರಾ ಏಸ್ ಕ್ರ್ಯಾಂಕ್‌ಗಳನ್ನ ತಪಾಸಣಿಗೆ ಕರೆದಿದ್ರು. ಅಂಟು ಹಾಕಿ ಜೋಡಿಸಿದ ಭಾಗ ಬಿಟ್ಟುಕೊಳ್ಳೋ ಅಪಾಯ ಕಂಡಿತ್ತು. ನಿನ್ನ 105 ಆ ಪಟ್ಟಿಯಾಗ ಇಲ್ಲ. ಆ ತೋಳಿನ ಒಳಮಗ್ಗಲಿಗೆ ಮಾಡೆಲ್ ನಂಬರ್, ತಯಾರಿ ಕೋಡ್ ಇರ್ತಾವ. ಫೋಟೋ ತರಿಸ್ಕೊಂಡು ಶಿಮಾನೋದ ಪಟ್ಟಿ ಜೋಡಿ ತಾಳೆ ನೋಡು. ಉದ್ದ 170 ಅದನೋ ಇಲ್ಲೋ ನೋಡು, 172.5 ಬಂದ್ರ ಎಡ ಬಲ ಬ್ಯಾರೆ ಬ್ಯಾರೆ ಆಗ್ತದ. ಸೆಲ್ ಮುಚ್ಚಳದೊಳಗ ಹಸಿರು ತುಕ್ಕು ಹಿಡಿದಿದ್ರ ನೀರು ಹೋಗೇದ ಅಂತ ಅರ್ಥ, ಅದನ್ನ ಬಿಡು. ಎಲ್ಲಾ ಸರಿ ಇದ್ರ ಹೈದರಾಬಾದಿಗೆ ಹೋಗಿ, ನಿನ್ನ ಕಂಪ್ಯೂಟರಿಗೆ ಜೋಡಿಸಿ, ಸೊನ್ನೆ ಮಾಡಿ, ನಾಲ್ಕು ಸುತ್ತು ತುಳಿದು ನೋಡಿದ ಮ್ಯಾಲೆ ರೊಕ್ಕ ಕೊಡು. ಕೊರಿಯರ್ ಮ್ಯಾಲೆ ಮಾತ್ರ ತರಿಸಬ್ಯಾಡ.