ಅಪ್‌ಡೇಟ್: ಕಾಂಕ್ರೀಟ್ ಅಂಗಳದ ಪಾಚಿ ಹೋಯ್ತು, ಆಯಿಲ್ ಕಲೆ ಅರ್ಧ ಬಾಕಿ

ದಾವಣಗೆರೆ ಮನೆಯ ಕಾರ್ ನಿಲ್ಲಿಸುವ ಕಾಂಕ್ರೀಟಿನಲ್ಲಿ ಕಪ್ಪು ಪಾಚಿ, ಇಂಜಿನ್ ಆಯಿಲ್ ಕಲೆ ತೆಗೆಯೋದು ಹೇಗೆ ಅಂತ ಕೇಳಿದ್ದೆ.

ಪಾಚಿ ತೆಗೆದದ್ದು ಸೋಡಿಯಂ ಹೈಪೋಕ್ಲೋರೈಟ್ (ಲಿಕ್ವಿಡ್ ಬ್ಲೀಚ್), ಪ್ರೆಶರ್ ವಾಷರಿನ ನೀರಿನ ರಭಸ ಅಲ್ಲ. 10% ದ್ರಾವಣ ಒಂದು ಪಾಲು, ನೀರು ನಾಲ್ಕು ಪಾಲು, ಚೂರು ಪಾತ್ರೆ ತೊಳೆಯುವ ಲಿಕ್ವಿಡ್. ಸಂಜೆ ಹಾಕಿ 15 ನಿಮಿಷ ಹಸಿಯಾಗೇ ಇರಬೇಕು. ಇಲ್ಲಿನ ಮಧ್ಯಾಹ್ನದ ಬಿಸಿಲಿಗೆ ಕೆಲಸ ಶುರುವಾಗೋ ಮೊದಲೇ ಆರಿಹೋಗುತ್ತೆ. ಆಮೇಲೆ ಪ್ರೆಶರ್ ವಾಷರಿಗೆ 25 ಡಿಗ್ರಿ ನಾಝಲ್ (ನೀರನ್ನು ಬೀಸಣಿಗೆ ಥರ ಹರಡೋ ತುದಿ) ಹಾಕಿ, ನೆಲದಿಂದ ಒಂದಡಿ ದೂರ ಹಿಡಿದು ತೊಳೀಬೇಕು. ನೀರು ಹರಡದೆ ಒಂದೇ ಧಾರೆಯಾಗಿ ಬರೋ ಸೊನ್ನೆ ಡಿಗ್ರಿಯದು ಮೇಲಿನ ಸಿಮೆಂಟ್ ಪದರ ಕಿತ್ತು ಗೀರು ಹಾಕುತ್ತೆ, ಅದು ಶಾಶ್ವತ.

ಆಸಿಡ್ ಸುರಿ ಅಂದವರಿಗೆ: ಅದು ಎಣ್ಣೆ ಬಿಟ್ಟು ಕಾಂಕ್ರೀಟನ್ನೇ ತಿನ್ನುತ್ತೆ. ಬ್ಲೀಚ್ ಉಳಿದಿದ್ದರೆ ಕ್ಲೋರಿನ್ ಗ್ಯಾಸ್ ಬೇರೆ!

ಆಯಿಲಿಗೆ ಡಿಗ್ರೀಸರ್ (ಎಣ್ಣೆ ಜಿಡ್ಡು ತೆಗೆಯೋ ದ್ರವ) ಹಾಕಿ ಗಟ್ಟಿ ಬ್ರಷ್ಷಲ್ಲಿ ತಿಕ್ಕಿದ ಮೇಲೂ ನೆರಳು ಉಳಿದಿದೆ. ಅದಕ್ಕೆ ಚಾಕ್ ಪುಡಿ, ಡಿಗ್ರೀಸರ್ ಕಲಸಿ ಬಳಿದು, ಪ್ಲಾಸ್ಟಿಕ್ ಮುಚ್ಚಿ ರಾತ್ರಿಯಿಡೀ ಬಿಡಬೇಕು.