ಬಿಯರ್ ಗೇಮ್ ಮುಗಿದ ಮೇಲೆ ಚರ್ಚೆಯನ್ನು ಹೇಗೆ ನಡೆಸಬೇಕು?

ಪ್ರಶ್ನೆ:
ನಮಸ್ಕಾರ. ನಾನು ಎಂಬಿಎ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಬಿಯರ್ ಗೇಮ್ ಅನ್ನು ಕಳೆದ ವಾರ ತರಗತಿಯಲ್ಲಿ ಆಡಿಸಿದೆ. ಚಿಲ್ಲರೆ ವ್ಯಾಪಾರಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ ಎಂದು ನಾಲ್ವರು ಸಾಲಾಗಿ ಕುಳಿತು, ಪರಸ್ಪರ ಮಾತನಾಡದೆ, ಚೀಟಿಗಳ ಮೂಲಕವಷ್ಟೇ ಬಿಯರ್ ಪೆಟ್ಟಿಗೆಗಳ ಆರ್ಡರ್ ಕಳುಹಿಸುವ ಆಟವಿದು. ವಿದ್ಯಾರ್ಥಿಗಳು ಉತ್ಸಾಹದಿಂದಲೇ ಆಡಿದರು. ಆದರೆ ಕೊನೆಯಲ್ಲಿ ಪ್ರತಿಯೊಬ್ಬರೂ ಪಕ್ಕದವರ ಆರ್ಡರನ್ನೇ ದೂರಿದರು. ಚರ್ಚೆ ಅಲ್ಲಿಂದ ಮುಂದೆ ಸಾಗಲೇ ಇಲ್ಲ. ಇದನ್ನು ಪಾಠವಾಗಿಸುವುದು ಹೇಗೆ?

ಉತ್ತರ 1:
ಆ ದೂರಿನಿಂದಲೇ ಆರಂಭಿಸಿ. ಗ್ರಾಹಕರ ಬೇಡಿಕೆಯನ್ನು ನೋಡದ ಮೂವರಿಗೂ ಖಾಲಿ ಹಾಳೆ ಕೊಟ್ಟು, ಬೇಡಿಕೆ ವಾರದಿಂದ ವಾರಕ್ಕೆ ಹೇಗಿತ್ತೆಂದು ಊಹಿಸಿ ಗೆರೆ ಎಳೆಯಲು ಹೇಳಿ. ನನ್ನ ತರಗತಿಯಲ್ಲಿ ಹೆಚ್ಚಿನವರು ಎತ್ತರದ ಅಲೆಗಳನ್ನೇ ಬರೆಯುತ್ತಾರೆ. ಆಮೇಲೆ ಗ್ರಾಹಕರ ಚೀಟಿಗಳನ್ನು ಒಂದೊಂದಾಗಿ ಮಗುಚಿ ತೋರಿಸಿ: ಮೊದಲ ನಾಲ್ಕು ವಾರ 4 ಪೆಟ್ಟಿಗೆ, ಐದನೆಯ ವಾರದಿಂದ ಕೊನೆಯವರೆಗೂ 8. ಏರಿದ್ದು ಒಂದೇ ಸಲ. ಕೊಠಡಿ ನಿಶ್ಶಬ್ದವಾಗುವುದು ಆಗಲೇ. ಆರ್ಡರ್ ತಲುಪಿ ಸರಕು ಕೈಸೇರುವಷ್ಟರಲ್ಲಿ ವಾರಗಳೇ ಕಳೆಯುತ್ತವೆ. ಆ ನಡುವೆ, ಈಗಾಗಲೇ ಕೇಳಿದ್ದರೂ ಇನ್ನೂ ಬಂದಿರದ ಸರಕನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಮತ್ತೆ ಆರ್ಡರ್ ಮಾಡಿದ್ದರಿಂದಲೇ ಆರ್ಡರುಗಳಲ್ಲಿ ಏರಿಳಿತದ ಅಲೆ ಎದ್ದಿತೆಂಬುದನ್ನು ಅವರ ದಾಖಲೆ ಹಾಳೆಯಿಂದಲೇ ಅವರು ಕಂಡುಕೊಳ್ಳಲಿ.

ಉತ್ತರ 2:
ವೆಚ್ಚವನ್ನೂ ಕೂಡಿಸಲು ಹೇಳಿ. ದಾಸ್ತಾನಿಟ್ಟರೆ ವಾರಕ್ಕೆ ಪೆಟ್ಟಿಗೆಯೊಂದಕ್ಕೆ 50 ಸೆಂಟ್, ಕೇಳಿದ ಸರಕು ಕೊಡಲಾಗದೆ ಬಾಕಿ ಉಳಿಸಿದರೆ 1 ಡಾಲರ್ ಎಂಬುದು ಮೂಲ ನಿಯಮ. ನಾನು 50 ಪೈಸೆ, 1 ರೂಪಾಯಿ ಎಂದು ಆಡಿಸುತ್ತೇನೆ. ಎಂಐಟಿಯ ಪ್ರಾಧ್ಯಾಪಕ ಜಾನ್ ಸ್ಟರ್ಮನ್ ಈ ಆಟದ ಬಗ್ಗೆ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಂಡಗಳ ಸರಾಸರಿ ವೆಚ್ಚವು ಉತ್ತಮ ನಿರ್ಧಾರಗಳಿಂದ ಸಾಧ್ಯವಿದ್ದ ವೆಚ್ಚದ ಸುಮಾರು ಹತ್ತು ಪಟ್ಟಾಗಿತ್ತು. ತಮ್ಮ ಮೊತ್ತ ನೋಡಿ ಕುಗ್ಗಿದ ವಿದ್ಯಾರ್ಥಿಗಳಿಗೆ ಈ ಮಾತನ್ನು ತಪ್ಪದೆ ಹೇಳಬೇಕು. ದೋಷ ಒಬ್ಬರ ಬುದ್ಧಿಯದಲ್ಲ, ವ್ಯವಸ್ಥೆಯ ರಚನೆಯದು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಕಡಿಮೆ ವೆಚ್ಚದ ತಂಡಕ್ಕೆ ಹೆಚ್ಚು ಅಂಕ ಕೊಡಬಹುದೇ?

ಉತ್ತರ 1:
ದಯವಿಟ್ಟು ಬೇಡ. ಅಂಕವೆಂದೊಡನೆ ಪಿಸುಮಾತು ಶುರುವಾಗುತ್ತದೆ, ಆಟ ಕೆಡುತ್ತದೆ. ಪ್ರತಿ ಆರ್ಡರಿನ ಪಕ್ಕದಲ್ಲಿ ಒಂದು ಸಾಲು ಕಾರಣ ಬರೆಸಿ, ಅದಕ್ಕೆ ಅಂಕ ಕೊಡಿ. ಇನ್ನೊಂದು ವಿಷಯ: 50 ವಾರ ಆಡುತ್ತೇವೆಂದು ಹೇಳಿ 36ಕ್ಕೇ ನಿಲ್ಲಿಸಿ. ಕೊನೆಯ ವಾರ ಗೊತ್ತಿದ್ದರೆ ಎಲ್ಲರೂ ದಾಸ್ತಾನು ಖಾಲಿ ಮಾಡಲು ಹೊರಡುತ್ತಾರೆ.